ಕಾಕಾನ ಬಂದೂಕುಗಾರನಿಗೆ ಏಕಾದಶಿ

ನಮ್ಮ ಕಾಕಾ ದಿನಾಲೂ ಮಧ್ಯಾಹ್ನ ಊಟವಾದ ಮೇಲೆ ಸಾಯುತ್ತಾರೆ. ಚಹಾದ ಹೊತ್ತಿಗೆ ಎದ್ದು, ದೇವರ ಮುಂದೆ ದೀಪ ಹಚ್ಚುವುದರೊಳಗೆ ಇನ್ನೊಮ್ಮೆ ಸಾಯುತ್ತಾರೆ. ಸಿಂದಗಿ ತಾಲೂಕಿನಲ್ಲಿ ಇಷ್ಟು ಸಲ ಸತ್ತವರು ಬೇರೊಬ್ಬರಿಲ್ಲ!

ಸಾಯುವುದು ಕಂಪ್ಯೂಟರಿನೊಳಗೆ. ಹೂವಿನ ಹಿಪ್ಪರಗಿ, ಗೊಳಸಂಗಿ ಎಂದು ಊರೂರು ತಿರುಗಿ ಭೂಗೋಳ ಕಲಿಸಿ ನಿವೃತ್ತರಾದ ಈ ಮಹಾನುಭಾವರಿಗೆ, ಪಂಚಾಂಗ ನೋಡಿಕೊಳ್ಳಲಿ ಎಂದು ನನ್ನ ಮಗಳು ತನ್ನ ಹಳೆಯ ಕಂಪ್ಯೂಟರು ಕೊಟ್ಟಳು. ಅದರಲ್ಲೊಂದು ಆಟವಿತ್ತು. ವಿಷಗಾಳಿ ಬಡಿದು ಜನ ಬಿಟ್ಟುಹೋದ ಸೀಮೆ. ಅದರಲ್ಲಿ ಒಬ್ಬನೇ ಬಂದೂಕು ಹಿಡಿದು, ಹಸಿವೆ, ಕಾಡುನಾಯಿ, ದರೋಡೆಕೋರರಿಂದ ಪಾರಾಗುತ್ತ ಮನಸ್ಸು ಬಂದತ್ತ ಅಲೆಯಬೇಕು. ಒಟ್ಟು ಮೂರು ಭಾಗ. ಕಾಕಾ ಪಂಚಾಂಗ ಮರೆತರು.

ಇಷ್ಟೇ ಆಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಕಾಕಾಗೆ ಕಣ್ಣಿನ ಒತ್ತಡ. ನೋಟ ಅಂಚಿನಿಂದ ಒಳಗೆ ಸವೆಯುತ್ತಿದೆ, ಹೋದದ್ದು ಮರಳುವುದಿಲ್ಲ, ಉಳಿದದ್ದು ಉಳಿಯಬೇಕಾದರೆ ಬೇಗ ಆಪರೇಶನ್ ಆಗಬೇಕು ಎಂದು ವಿಜಯಪುರದ ಡಾಕ್ಟರು ಹೇಳಿದ್ದಾರೆ. ಕಾಕಾನ ಉತ್ತರ ಒಂದೇ: "ಮೂರನೇ ಭಾಗ ಮುಗೀಲಿ." ದಿನಾ ಸಾಯುವವರ ಆಟ ಮುಗಿಯುವುದು ಯಾವಾಗ?

ಕಂಪ್ಯೂಟರೇ ಕಣ್ಣು ತಿನ್ನುತ್ತಿದೆಯೇನೋ ಎಂದು ಡಾಕ್ಟರನ್ನು ಕೇಳಿದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು. ನನ್ನ ಚಿಂತೆಗೆ ಆಧಾರ ತಪ್ಪಿತು. ಆದರೆ ಚಿಂತೆ ಆಧಾರ ಕೇಳುವ ಪ್ರಾಣಿಯೇ? ವೈರು ಕಿತ್ತೇ ಬರುತ್ತೇನೆಂದು ಬಸವನ ಬಾಗೇವಾಡಿಯಲ್ಲಿ ಬಸ್ಸು ಹತ್ತಿದೆ. ಹಿಪ್ಪರಗಿ ದಾಟುವಷ್ಟರಲ್ಲಿ ನನ್ನ ತಲೆಯೊಳಗೆ ಕಾಕಾ ಪೂರ್ತಿ ಕುರುಡರಾಗಿದ್ದರು. ಸಿಂದಗಿಯಲ್ಲಿ ಇಳಿಯುವಾಗ ನನಗೂ ಮಂಜುಮಂಜಾಗಿ ಕಾಣತೊಡಗಿತ್ತು.

ಬಾಗಿಲಲ್ಲೇ ಕಾಕಾನ ಹೆಂಡತಿ, ನಮ್ಮ ಕಾಕು, ಸಿಕ್ಕರು. "ಬಾರಪಾ. ಇವತ್ತ ಏಕಾದಶಿ. ಒಳಗ ಇವರು ಆ ಬಡಪಾಯಿನ್ನೂ ಉಪಾಸ ಕೆಡವ್ಯಾರ."

"ಯಾರನ್ನ?"

"ಆ ಬಂದೂಕಿನವನ್ನ."

ನಿಜವೇ. ತೆರೆಯ ಮೇಲಿನ ಬಂದೂಕುಗಾರ ಹಸಿವೆಯಿಂದ ತೂರಾಡುತ್ತಿದ್ದ. ಚೀಲದಲ್ಲಿ ಮಾಂಸದ ಡಬ್ಬಿಗಳಿದ್ದವು. ಅವನ್ನು ಕಾಕಾ ಯಾವ ದಿನವೂ ಮುಟ್ಟಗೊಡುವುದಿಲ್ಲ.

"ಬ್ರೆಡ್ ಆದರೂ ತಿನಸ್ರಿ ಕಾಕಾ."

"ಏಕಾದಶಿ ದಿನ? ಗೋದಿ?"

"ಸಾಯ್ತಾನಲ್ರಿ."

"ಸಾಯ್ಲಿ. ನಾಳೆ ಪಾರಣಿಗೆ ಏಳ್ತಾನ. ದೋಷ ನಂದಲ್ಲ, ಆಟದ್ದು. ಇಷ್ಟ ದೊಡ್ಡ ಸೀಮಿ ಕಟ್ಟ್ಯಾರ, ಒಂದು ಹಿಡಿ ಶೇಂಗಾ ಇಟ್ಟಿಲ್ಲ."

ಅಷ್ಟರಲ್ಲಿ ಅವನು ನಡೆಯುವುದನ್ನೇ ನಿಲ್ಲಿಸಿದ. ಹಸಿವೆಯಿಂದಲ್ಲ, ಹೊರೆಯಿಂದ. ಸಿಕ್ಕ ತುಕ್ಕು ಬಂದೂಕನ್ನೆಲ್ಲ ಕಾಕಾ ಅವನ ಮೇಲೆ ಹೇರಿದ್ದರು. ಒಗೆಯಿರಿ ಎಂದರೆ, "ಇರ್ಲಿ, ಎಂದಾದ್ರೂ ಬೇಕಾಗ್ತದ" ಎಂದರು. ಕಾಕು ಒಳಗಿನಿಂದಲೇ, "ನಮ್ಮ ಅಟ್ಟಾ ನೋಡೀಯಿಲ್ಲೋ?" ಎಂದರು.

ನಾನು ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದ ಭಾಷಣ ಶುರುಮಾಡಿದೆ. ಕಾಕಾ ಕೈ ಎತ್ತಿದರು. "ಮೊದಲ ಈ ಗಾಳಿ ಕೇಳು."

ಕೇಳಿದೆ. ಒಣ ಹುಲ್ಲು ಒಂದೇ ದಿಕ್ಕಿಗೆ ಬಾಗಿತು. ದೂರದ ಪಾಳು ಕಾರ್ಖಾನೆಯಲ್ಲಿ ಯಾವುದೋ ತಗಡು ಬಡಿದುಕೊಂಡಿತು. ಗುಡ್ಡದಾಚೆ ಗುಡುಗು. ಬೈಯಲು ಬಂದ ನನ್ನ ಕೈಮೇಲೆ ಮುಳ್ಳು ಎದ್ದವು.

"ನಾ ಜನ್ಮಪೂರ್ತಿ ಬೋರ್ಡ್ ಮ್ಯಾಲ ಖಡು ಹಿಡದು ಮೋಡ ತಗದೆ," ಎಂದರು ಕಾಕಾ. "ಇವರು ಮೋಡನ ತಂದು ನಿಲ್ಲಿಸ್ಯಾರ. ಮೊದಲನೇ ಭಾಗದಾಗ ಯಾರೂ ಇಲ್ಲ ಅನ್ನೂದ ಅಂಜಿಕಿ. ಎರಡನೇದು ಬರೇ ಹೊಡದಾಟ, ಸಂತಿ ಆಗೇದ. ಮೂರನೇದು ಮತ್ತ ಶಾಂತ ಅದ. ಆದರ ಹುಳುಕು ಭಾಳ. ಮಂದಿ ಗ್ವಾಡ್ಯಾಗ ಸಿಕ್ಕೊಂಡು ಅಲ್ಲೇ ನಡೀತಿರ್ತಾರ. ಅದನ್ನೂ ತಡಕೋಬಹುದು. ಈ ಬೈಲಿನ್ಯಾಗಿನ ದೋಷ ಮಾತ್ರ ತಡಕೊಳ್ಳೂ ಹಂಗಿಲ್ಲ. ವೈರಿ ಎಲ್ಲಿಂದನೂ ಬರೂದಿಲ್ಲ, ಒಮ್ಮಿಗೇ ಬಾಜೂಕ ಹುಟ್ಟತಾನ. ನೋಡು."

ಒಂದೆರಡು ಬಂದೂಕು ಒಗೆದು ಬಯಲಿಗಿಳಿದರು. ನಾನು ನೋಡಿದೆ. ತೆರೆಯ ಎಡ ಅಂಚಿನಿಂದ ಮುಸುಕಿನವನೊಬ್ಬ ಆರಾಮಾಗಿ ನಡೆದು ಬಂದ. ನಡುವೆ ನಿಂತು ಸುತ್ತಲೂ ನೋಡಿದ. ಮತ್ತೆ ನಡೆದ. ಕಾಕಾನ ಕಣ್ಣು ನೆಟ್ಟಗೆ ಮುಂದೆಯೇ ಇತ್ತು. ಅವನು ಹತ್ತಿರ ಬಂದು ಗುಂಡು ಹಾರಿಸಿದ. ಕಾಕಾ ಸತ್ತರು.

"ಕಂಡ್ಯಾ? ಎಲ್ಲಿಂದ ಬಂದ ಅವ?"

ಭಾಷಣ ಅಲ್ಲಿಗೇ ಬಿಟ್ಟೆ. ಸ್ಟೂಲು ಎಳೆದುಕೊಂಡು ಅವರ ಎಡಗಡೆ ಕೂತೆ. "ಮತ್ತೊಮ್ಮೆ ಸುರು ಮಾಡ್ರಿ."

ಮಾಡಿದರು.

"ಎಡಕ್ಕ ಕಾಕಾ. ಗಿಡದ ಬಾಜೂಕ ಒಬ್ಬಾವ."

ಹೊರಳಿ ನೋಡಿ ಬಂಡೆಯ ಮರೆಗೆ ಸರಿದರು. "ಎಡಕ್ಕ ನಾಯಿ." ನಿಂತರು. "ಈಗ ಹೋಗ್ರಿ." ಹೋದರು. ಬಯಲು ದಾಟಿದರು. ಮೊಟ್ಟಮೊದಲ ಸಲ. ಖುಷಿಪಡಬೇಕಾಗಿದ್ದ ಮನುಷ್ಯ ಮೌಸು ಬಿಟ್ಟು ಕೂತುಬಿಟ್ಟರು.

"ಅವ ದಿನಾ ಅಲ್ಲಿಂದನ ಬರ್ತಿದ್ನೇನು?"

"ಹೌದ್ರಿ."

"ನಡಕೋತ?"

"ನಡಕೋತ."

ಚಷ್ಮಾ ತೆಗೆದು ಧೋತರದ ಅಂಚಿನಿಂದ ಒರೆಸಿದರು. ಒರೆಸಿದರೆ ಹೋಗುವಂಥದ್ದೇ ಅದು? "ಪಾಪ, ಆಟಾ ಮಾಡಿದವರಿಗೆ ಭಾಳ ಬೈದೆ," ಎಂದರು. ಕತ್ತು ಹೊರಳಿಸಿ ತೆರೆಯ ಎಡ ಅಂಚನ್ನು ನೋಡಿದರು. "ಹಂಗಾದ್ರ ಈ ಸೀಮಿ ನಾ ನೋಡಿದ್ದಕ್ಕಿಂತ ದೊಡ್ಡದದ."

ಆಮೇಲೆ ಒಳಗೆ ಕೇಳುವಂತೆ, "ನಾಳೆ ವಿಜಾಪುರಕ್ಕ ಹೋಗೂಣು. ಏನ್ ಕೊಯ್ಯೂದದ ಕೊಯ್ಲಿ," ಎಂದರು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ನಾನು ಅವರ ಎಡಗಡೆಗೇ ಕೂತಿದ್ದೆ. ಕಣ್ಣೊರೆಸಿಕೊಂಡದ್ದು ಅವರಿಗೆ ಕಾಣಲಿಲ್ಲ.