ವಿರಾಮದಲ್ಲಿ ಬಾಯಿಬಿಟ್ಟವನ ಅಹವಾಲು

ನನ್ನ ತಲೆಯೊಳಗೆ ಬಿಡುವಿಲ್ಲದೆ ದುಡಿಯುತ್ತಿರುವ ಮಾನ್ಯ ಗ್ಲುಟಮೇಟ್ ಅವರೇ, ಅಷ್ಟೇ ಮಾನ್ಯರಾದ ಗಾಬಾ ಅವರೇ,

ತಮ್ಮಿಬ್ಬರ ಪಾದಗಳು ಎಲ್ಲಿವೆಯೋ ತಿಳಿಯದ ಕಾರಣ ನನ್ನ ತಲೆಯನ್ನೇ ಮುಟ್ಟಿಕೊಂಡು ನಮಸ್ಕರಿಸುತ್ತಿದ್ದೇನೆ. ನಾನು ನಾಟಕದ ಪರದೆಯ ಹಿಂದೆ ಪುಸ್ತಕ ಹಿಡಿದು ಕೂತು, ಮಾತು ಮರೆತ ನಟರಿಗೆ ಪಿಸುದನಿಯಲ್ಲಿ ಹೇಳಿಕೊಡುವವನು. ಇಪ್ಪತ್ತು ವರ್ಷದಿಂದ ಇದೇ ಕುರ್ಚಿ, ಇಪ್ಪತ್ತು ವರ್ಷದಿಂದಲೂ ಮುಖ್ಯ ಪಾತ್ರ ನನ್ನ ಸ್ವಂತ ಅಕ್ಕನದು.

ವೈದ್ಯಕೀಯ ಓದುವ ಅಕ್ಕನ ಮಗಳು, ಮಿದುಳಿನ ರಾಸಾಯನಿಕಗಳಾದ ತಮ್ಮಿಬ್ಬರ ಕೆಲಸದ ಹಂಚಿಕೆಯನ್ನು ನನಗೆ ವಿವರಿಸಿದ್ದಾಳೆ. ಒಂದು ನರಕೋಶದಿಂದ ಹೊರಟು ಮುಂದಿನದರ ಬಾಗಿಲು ತಟ್ಟುವ ಗ್ಲುಟಮೇಟ್ ಅವರು ಸೋಡಿಯಂ ಕಣಗಳನ್ನು ಒಳಬಿಟ್ಟು "ಹೂಂ, ಹೊರಡು" ಎನ್ನುತ್ತಾರಂತೆ. ಗಾಬಾ ಅವರು ಬೇರೊಂದು ಬಾಗಿಲಿನಿಂದ ಕ್ಲೋರೈಡ್ ಕಣಗಳನ್ನು ಒಳಬಿಟ್ಟು "ತಡಿಯಪ್ಪ, ಏನವಸರ" ಎನ್ನುತ್ತಾರಂತೆ. ಇಬ್ಬರ ಮಾತನ್ನೂ ತೂಗಿ ನೋಡಿ ಆ ಬಡಪಾಯಿ ಕೋಶ ಸಂದೇಶ ದಾಟಿಸುವುದೋ ಸುಮ್ಮನಿರುವುದೋ ತೀರ್ಮಾನಿಸುತ್ತದಂತೆ. ಎಂಥ ಅಚ್ಚುಕಟ್ಟು! ಕೇಳಿ ಕಣ್ತುಂಬಿ ಬಂತು.

ಹಾಗಿದ್ದರೆ ಗಾಬಾ ಅವರೇ, ಶನಿವಾರ ಮಧ್ಯಾಹ್ನದ ಪ್ರದರ್ಶನದ ಹೊತ್ತಿಗೆ ತಾವು ಎಲ್ಲಿಗೆ ದಯಮಾಡಿಸಿದ್ದಿರಿ? ಕೊನೆಯ ದೃಶ್ಯದಲ್ಲಿ ತಾಯಿಯ ಪಾತ್ರದ ಅಕ್ಕ, ತಪ್ಪು ಮಾಡಿ ಮನೆಗೆ ಮರಳಿದ ಮಗನನ್ನು ದಿಟ್ಟಿಸುತ್ತ, ಬೇಕೆಂದೇ ಹತ್ತು ಎಣಿಸುವಷ್ಟು ಹೊತ್ತು ಮೌನವಾಗಿ ನಿಲ್ಲುತ್ತಾಳೆ. ಮೂರು ಎಣಿಸುವಷ್ಟರಲ್ಲಿ ಗ್ಲುಟಮೇಟ್ ಅವರ ಉತ್ಸಾಹ ಉಕ್ಕಿ, "ಒಳಗೆ ಬಾ, ಊಟ ಮಾಡು" ಎಂಬ ಅವಳ ಮಾತು ನನ್ನ ಬಾಯಿಂದ ಹಿಂದಿನ ಸಾಲಿಗೂ ಕೇಳುವಂತೆ ಹೊರಟಿತು. ಮಗನ ಪಾತ್ರದವನು ಗಾಬರಿಯಲ್ಲಿ ನನ್ನ ಹತ್ತಿರವೇ ಬಂದುಬಿಟ್ಟ. ಜನ ಬಿದ್ದು ಬಿದ್ದು ನಕ್ಕರು.

"ಇನ್ನೊಂದ್ಸಲ ಹೀಗಾದ್ರೆ ಆ ಕುರ್ಚೀಲಿ ಬೇರೆಯವರು ಕೂತಿರ್ತಾರೆ, ನೋಡ್ಕೋ" ಎಂದಳು ಅಕ್ಕ.

ಭಾನುವಾರದ ಪ್ರದರ್ಶನಕ್ಕೆ ಮುಂಚೆ, ಗಾಬಾ ಅವರೇ, ತಮ್ಮಲ್ಲಿ ಅಂಗಲಾಚಿ ಬೇಡಿಕೊಂಡೆ. ತಮ್ಮ ಔದಾರ್ಯವನ್ನು ಏನೆಂದು ಹೊಗಳಲಿ! ಅಕ್ಕ ಅದೇ ಜಾಗದಲ್ಲಿ ನಿಜವಾಗಿಯೂ ಮಾತು ಮರೆತು, ಕಣ್ಣಂಚಿನಲ್ಲಿ ನನ್ನನ್ನೇ ನೋಡುತ್ತ ನಿಂತಳು. ನಾನೋ, ಎಂಥ ಅಭಿನಯ ಎಂದು ತಲೆದೂಗುತ್ತ ನಲವತ್ತರವರೆಗೆ ಎಣಿಸಿದೆ. ಕೊನೆಗೆ ಮಗನ ಪಾತ್ರದವನೇ "ಅಮ್ಮಾ, ನಾನೇ ಒಳಗೆ ಬರ್ಲಾ?" ಎಂದು ಕೇಳಿಕೊಂಡು ಊಟಕ್ಕೆ ಹೋದ.

ಆದಕಾರಣ ತಾವಿಬ್ಬರೂ ಬರುವ ಶನಿವಾರದೊಳಗೆ ಸಭೆ ಸೇರಿ, ಮೂರು ಎಣಿಸಿದಾಗ ಯಾರ ಮಾತು ನಡೆಯಬೇಕು, ಹನ್ನೊಂದು ಎಣಿಸಿದಾಗ ಯಾರದು ಎಂದು ಬರೆದು ನನ್ನ ಹಣೆಯ ಒಳಗೋಡೆಗೆ ಅಂಟಿಸಬೇಕಾಗಿ ಕೈಮುಗಿದು ಕೇಳಿಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ,
ಪರದೆ ಹಿಂದಿನ ಕುರ್ಚಿಯವನು (ಸದ್ಯಕ್ಕೆ)

ಬಿಟ್ಟುಹೋದ ಮಾತು: ಗಾಬಾ ಅವರು ತಯಾರಾಗುವುದೇ ಗ್ಲುಟಮೇಟ್ ಅವರಿಂದಂತೆ. ಒಂದೇ ಮನೆಯವರಾಗಿ ಇಷ್ಟೂ ಹೊಂದಾಣಿಕೆ ಇಲ್ಲವೇ ಎಂದು ಛೀಮಾರಿ ಹಾಕೋಣವೆಂದಿದ್ದೆ. ಆದರೆ ಭಾನುವಾರದಿಂದ ಅಕ್ಕ ನನ್ನೊಡನೆ ಮಾತಾಡಿಲ್ಲ, ಇವತ್ತು ಗುರುವಾರ. ಇದು ಬೇಕೆಂದೇ ಹಿಡಿದ ಮೌನವೋ, ಹೇಗೆ ಶುರುಮಾಡುವುದೆಂದು ತೋಚದೆ ನಿಂತಿದ್ದಾಳೋ ತಿಳಿಯದೆ, ಅವಳ ಮನೆಯ ಹೊಸ್ತಿಲಾಚೆ ಎಣಿಸುತ್ತ ನಿಂತಿದ್ದೇನೆ. "ಒಳಗೆ ಬಾ, ಊಟ ಮಾಡು" ಎಂದು ನಾನೇ ಹೇಳಿಕೊಡಲೋ ಬೇಡವೋ, ಇಬ್ಬರಲ್ಲಿ ಒಬ್ಬರಾದರೂ ಬೇಗ ತಿಳಿಸಿ, ಹಸಿವಾಗುತ್ತಿದೆ.