ಸಾಲದೊಳಗೆ ಸೇರಿದ ಟೊಮೆಟೊ

ಈ ಪ್ರಕರಣದಲ್ಲಿ ಅಡಕವಾಗಿರುವ ಒಟ್ಟು ಮೊತ್ತ ಒಂಬೈನೂರು ಡಾಲರ್. ಅದಕ್ಕೆ ಮೂವತ್ತು ಪೆಟ್ಟಿಗೆ ಟೊಮೆಟೊ ಬಂತು, ಆ ಟೊಮೆಟೊದಿಂದ ವರ್ಷವಿಡೀ ಪಾಸ್ತಾಕ್ಕೆ ಸಾಲುವಂತೆ ಇನ್ನೂರ ಹತ್ತು ಬಾಟಲಿ ಸಾಸ್ ಆಯಿತು. ಆಸ್ಟ್ರೇಲಿಯಾದ ಮಿಲ್ಡುರಾದಲ್ಲಿ ನಮ್ಮಂಥ ಇಟಲಿ ಮೂಲದವರ ಮನೆಗಳಲ್ಲಿ ಪ್ರತಿ ಫೆಬ್ರವರಿ ನಡೆಯುವ ಕೆಲಸವೇ ಇದು. ಈ ಪ್ರಕರಣದವರೆಗೆ ಇದರಲ್ಲಿ ಯಾರೂ ದೋಷ ಕಂಡಿರಲಿಲ್ಲ.

ನನ್ನದು ಪಂಪು, ಪೈಪುಗಳ ವ್ಯಾಪಾರ. ಅಂಗಡಿ ಮಾತ್ರ ನನ್ನದಲ್ಲ, ಡಿಮಾಸಿ ಕುಟುಂಬ ಟ್ರಸ್ಟಿನದು. ಟ್ರಸ್ಟನ್ನು ನಡೆಸುವುದು ಒಂದು ಕಂಪನಿ. ಆ ಕಂಪನಿಗೆ ಇರುವವನು ಒಬ್ಬನೇ ನಿರ್ದೇಶಕ, ಅದು ನಾನು. ಹೀಗಾಗಿ ನನ್ನ ಹತ್ತಿರ ಏನೂ ಇಲ್ಲ, ಎಲ್ಲವೂ ನನ್ನ ಕೈಯಲ್ಲೇ ಇದೆ. ಈ ಏರ್ಪಾಡು ಮಾಡಿಕೊಟ್ಟವರು ನಮ್ಮ ಲೆಕ್ಕಿಗ ನೆವಿಲ್ ಟ್ರಾಂಟರ್. ಇದು ನನಗೆ ಅರ್ಥವಾಗಲು ಹನ್ನೊಂದು ವರ್ಷ ಹಿಡಿಯಿತು, ಹನ್ನೊಂದು ವರ್ಷವೂ ಅವರು ಬಿಲ್ ಕಳಿಸಿದರು.

ಕಟ್ಟಡದ ಮೇಲೆ ಟ್ರಸ್ಟಿಗೆ ಆರು ಲಕ್ಷ ಸಾಲವಿದೆ. ನನ್ನ ಅಮ್ಮ ಫಿಲೊಮೆನಾಳ ಎಂಬತ್ತು ಸಾವಿರ ಬ್ಯಾಂಕಿನಲ್ಲಿ ಸುಮ್ಮನೆ ಬಿದ್ದಿತ್ತು. ಅದನ್ನು ಟ್ರಸ್ಟಿಗೆ ಕೈಗಡ ಕೊಡಿಸಿ, ಸಾಲದ ಪಕ್ಕದ ಆಫ್‌ಸೆಟ್ ಖಾತೆಯಲ್ಲಿ ಇಡಿ, ಅಷ್ಟರ ಮಟ್ಟಿಗೆ ಬ್ಯಾಂಕು ಬಡ್ಡಿ ಕೇಳುವುದಿಲ್ಲ ಎಂದು ನೆವಿಲ್ ಹೇಳಿದ್ದರು. ನಾನು ಫೋನಿನಲ್ಲಿ ಒಂದು ಸಾಲು ಕೆಳಗೆ ಒತ್ತಿ, ಪಕ್ಕದ ಖಾತೆಗೆ ಹಾಕುವ ಬದಲು ಸಾಲಕ್ಕೇ ಕಟ್ಟಿಬಿಟ್ಟೆ. ಎರಡರಲ್ಲೂ ಉಳಿಯುವ ಬಡ್ಡಿ ಅಷ್ಟೇ, ಆದ್ದರಿಂದ ತಪ್ಪು ಯಾರಿಗೂ ಕಾಣಲಿಲ್ಲ. ಫೆಬ್ರವರಿಯಲ್ಲಿ ಅಮ್ಮ, ಟೊಮೆಟೊ ದುಡ್ಡು ನನ್ನದರಲ್ಲೇ ತೆಗೆದು ಕೊಡು ಎಂದಳು. ಸಾಲಕ್ಕೆ ಹೆಚ್ಚಿಗೆ ಕಟ್ಟಿದ್ದನ್ನು ಮರಳಿ ತೆಗೆಯಲು ಬ್ಯಾಂಕು ಬಿಡುತ್ತದೆ, ಹಾಗಾಗಿ ಸಾಲದ ಖಾತೆಯಿಂದಲೇ ಟೊಮೆಟೊದವನಿಗೆ ಒಂಬೈನೂರು ಕಳಿಸಿದೆ.

ಏಪ್ರಿಲ್‌ನಲ್ಲಿ ನೆವಿಲ್ ಅಂಗಡಿಗೆ ಬಂದರು. ನಿಂತೇ ಮಾತಾಡಿದರು, ಸಾವಿನ ಸುದ್ದಿ ತಂದವರ ಹಾಗೆ.

"ಸವೇರಿಯೋ, ಪಕ್ಕದ ಖಾತೆಯಿಂದ ತೆಗೆದಿದ್ರೆ ಅದು ಬರೀ ಇಟ್ಟ ದುಡ್ಡು. ಸಾಲದೊಳಗಿಂದ ತೆಗೆದ್ರೆ ಅದು ಹೊಸ ಸಾಲ. ನಿಮ್ಮ ಟ್ರಸ್ಟು ಈಗ ಟೊಮೆಟೊ ತಿನ್ನೋಕೆ ಸಾಲ ಮಾಡಿದೆ."

"ಒಂಬೈನೂರು ವಾಪಸ್ ಕಟ್ಟಿಬಿಡ್ತೀನಿ."

"ಆಗಲ್ಲ. ಎರಡೂ ಬೆರೆತು ಹೋಯ್ತು. ನೀವು ಏನು ಕಟ್ಟಿದ್ರೂ ಅದು ಕಟ್ಟಡಕ್ಕಷ್ಟು, ಟೊಮೆಟೊಗಿಷ್ಟು ಅಂತ ಹಂಚಿ ಹೋಗುತ್ತೆ."

ಟೊಮೆಟೊದ ಪಾಲು ಸಾವಿರಕ್ಕೆ ಸುಮಾರು ಒಂದು ಮುಕ್ಕಾಲು. ಸಾಲ ತೀರಲು ಇನ್ನೂ ಹತ್ತೊಂಬತ್ತು ವರ್ಷವಿದೆ. ಅಲ್ಲಿಯವರೆಗೂ ಪ್ರತಿ ತಿಂಗಳು ಈ ಟೊಮೆಟೊವನ್ನು ಬೇರ್ಪಡಿಸುತ್ತಲೇ ಇರಬೇಕು, ಏಕೆಂದರೆ ಕಟ್ಟಡದ ಬಡ್ಡಿಗೆ ಇರುವ ತೆರಿಗೆ ವಿನಾಯಿತಿ ಟೊಮೆಟೊದ ಬಡ್ಡಿಗೆ ಇಲ್ಲ.

ಇದಕ್ಕೆ ನೆವಿಲ್ ಒಂದು ಪರಿಹಾರ ತಂದಿದ್ದರು. ಸಾಸನ್ನು ಅಂಗಡಿಯ ಸರಕು ಎಂದು ಪರಿಗಣಿಸುವುದು. ಸರಕಿಗಾಗಿ ಮಾಡಿದ ಸಾಲ ಗೌರವಸ್ಥ ಸಾಲ, ಅದರ ಬಡ್ಡಿಗೂ ವಿನಾಯಿತಿ ಇದೆ. ಅದರಂತೆ ಇನ್ನೂರ ಹತ್ತು ಬಾಟಲಿಗಳೂ ಫುಟ್‌ವಾಲ್ವುಗಳ ಪಕ್ಕದ ಕಪಾಟು ಸೇರಿದವು. ದ್ರಾಕ್ಷಿ ಬೆಳೆಯುವ ಒಬ್ಬಾತ ವಾಷರ್ ಕೊಳ್ಳಲು ಬಂದು, ಎಂಟು ಡಾಲರಿಗೆ ಒಂದು ಬಾಟಲಿ ಒಯ್ದ. ವ್ಯಾಪಾರ ಸಾಬೀತಾಯಿತು. ಉಳಿದದ್ದನ್ನು ಟ್ರಸ್ಟಿನ ನಿಯಮದಂತೆ, ಆರ್ಥಿಕ ವರ್ಷ ಮುಗಿಯುವ ಜೂನ್ ಮೂವತ್ತರೊಳಗೆ ಕುಟುಂಬದವರಿಗೆ ಹಂಚಬೇಕಿತ್ತು. ಅಡುಗೆಮನೆಯಲ್ಲಿ ಸಭೆ ಸೇರಿತು. ಎದುರು ಕೂತು ನೆವಿಲ್ ಬರೆದ ನಡಾವಳಿ ಹೀಗಿದೆ:

"ಹಾಜರಿದ್ದವರು: ನಿರ್ದೇಶಕರು, ಒಬ್ಬರು. ಸಾಸಿನ ಹಂಚಿಕೆಯನ್ನು ನಿರ್ದೇಶಕರು ಸೂಚಿಸಿದರು, ನಿರ್ದೇಶಕರು ಅನುಮೋದಿಸಿದರು. ವಿರೋಧ ಇರಲಿಲ್ಲ. ನಿರ್ದೇಶಕರ ತಾಯಿ ಒಲೆಯ ಬಳಿ ಇದ್ದರೂ ಹಾಜರಿ ಎಂದು ಪರಿಗಣಿಸತಕ್ಕದ್ದಲ್ಲ."

ಹಂಚಿಕೆಯ ಪಟ್ಟಿಯನ್ನು ಅಮ್ಮ ಕನ್ನಡಕ ಹಾಕಿಕೊಂಡು ಓದಿದಳು.

"ಡೊರೀನಳ ಆರು ಬಾಟಲಿ ಎಲ್ಲೋ?"

ಡೊರೀನ್ ಬೇಲಿಯಾಚೆಯ ಮನೆಯವರು. ಅವರು ನಿಂಬೆಹಣ್ಣು ಕೊಡುವುದು, ಅಮ್ಮ ಸಾಸ್ ಕೊಡುವುದು ಮೂವತ್ತು ವರ್ಷದಿಂದ ನಡೆದು ಬಂದಿದೆ. ನೆವಿಲ್ ಗಂಟಲು ಸರಿಮಾಡಿಕೊಂಡರು. ನಮ್ಮದು ಕುಟುಂಬ ಟ್ರಸ್ಟೆಂದು ಘೋಷಿಸಿ ಆಗಿದೆ, ಹೊರಗಿನವರಿಗೆ ಹಂಚಿದರೆ ನೂರಕ್ಕೆ ನಲವತ್ತೇಳು ತೆರಿಗೆ ಎಂದು ವಿವರಿಸಿದರು. ಅಮ್ಮ ನನ್ನ ಕಡೆ ತಿರುಗಿದಳು.

"ಹೊರಗಿನವಳಾ? ನಿಮ್ಮಪ್ಪ ಎದೆ ಹಿಡ್ಕೊಂಡು ಬಿದ್ದಾಗ ಆಸ್ಪತ್ರೆಗೆ ಕಾರಲ್ಲಿ ಕರ್ಕೊಂಡು ಹೋದೋಳು ಅವಳು. ಆವತ್ತು ನಿನ್ನ ಟ್ರಸ್ಟು ಬಂದಿತ್ತೇನೋ?"

ಡೊರೀನ್ ಬಾಟಲಿಗೆ ಒಂದು ಡಾಲರ್ ಕೊಟ್ಟರೆ ಅದು ಮಾರಾಟವಾಗುತ್ತದೆ, ತೊಂದರೆ ಇರುವುದಿಲ್ಲ ಎಂದು ನೆವಿಲ್ ಸೂಚಿಸಿದರು. ಅಮ್ಮ ಅವರ ಮುಂದಿದ್ದ ಕಾಫಿ ಲೋಟ ಎತ್ತಿಕೊಂಡಳು.

"ಹಾಗಾದ್ರೆ ಈ ಕಾಫಿಗೂ ದುಡ್ಡು ಇಡಪ್ಪ."

ನೆವಿಲ್ ಇಡಲಿಲ್ಲ. ಅಮ್ಮನೂ ಲೋಟ ಕೊಡಲಿಲ್ಲ. ಕೊನೆಗೆ ತೀರ್ಪು ಕೊಟ್ಟವಳು ಅಮ್ಮನೇ: ಡೊರೀನಳಿಗೆ ಆರು ಹೋಗಲೇಬೇಕು, ಸರ್ಕಾರಕ್ಕೆ ಸಲ್ಲಬೇಕಾದದ್ದು ತನ್ನ ಪಾಲಿನಿಂದ ಸಲ್ಲಲಿ. ಆರರಲ್ಲಿ ನಲವತ್ತೇಳರ ಲೆಕ್ಕದಲ್ಲಿ ಎರಡು ಪೂರ್ಣ ಬಾಟಲಿ, ಮೂರನೆಯದರಲ್ಲಿ ನೂರಕ್ಕೆ ಎಂಬತ್ತೆರಡು ಭಾಗ. ನೆವಿಲ್ ಗೆರೆ ಹಾಕಿದ ಲೋಟದಲ್ಲಿ ಅಳೆದರು. ಅಮ್ಮ ಮೂರಕ್ಕೂ "ಸರ್ಕಾರ" ಎಂದು ಚೀಟಿ ಅಂಟಿಸಿದಳು.

ತೆರಿಗೆಯನ್ನು ಹಣವಾಗಿಯೇ ಕಟ್ಟಬೇಕು, ಸಾಸಾಗಿ ತೆಗೆದುಕೊಳ್ಳುವ ಕಿಟಕಿ ಎಲ್ಲೂ ಇಲ್ಲ ಎಂದು ವಿಚಾರಿಸಿದಾಗ ತಿಳಿಯಿತು. ಹಣವನ್ನು ನಾನು ಕಟ್ಟಿದೆ. ಚೀಟಿ ಅಂಟಿಸಿದ್ದನ್ನು ಅಮ್ಮ ಕೀಳಲು ಬಿಡಲಿಲ್ಲ. ಬಾಟಲಿಗಳನ್ನು ನೆವಿಲ್ ತಮ್ಮ ಸುಪರ್ದಿಗೆ ತೆಗೆದುಕೊಂಡರು.

ಆಗಸ್ಟಿನಲ್ಲಿ ಮೂರೂ ಬಾಟಲಿ ಖಾಲಿಯಾಗಿ, ತೊಳೆದು ಒರೆಸಿ ವಾಪಸ್ ಬಂದವು. ನಮ್ಮಲ್ಲಿ ಸಾಸ್ ಪಡೆದವರು ಬಾಟಲಿ ತೊಳೆದು ಹಿಂತಿರುಗಿಸದಿದ್ದರೆ ಮುಂದಿನ ವರ್ಷ ಅವರ ಹೆಸರು ಪಟ್ಟಿಯಲ್ಲಿ ಇರುವುದಿಲ್ಲ. ಡೊರೀನಳ ಆರನೆಯ ಬಾಟಲಿ ಇನ್ನೂ ಬಂದಿರಲಿಲ್ಲ.

"ನೋಡೋ," ಎಂದಳು ಅಮ್ಮ, "ಸರ್ಕಾರಕ್ಕೆ ಅವಳಿಗಿಂತ ಮರ್ಯಾದೆ ಗೊತ್ತು."

ಸರ್ಕಾರದ ಹೆಸರು ಮುಂದಿನ ವರ್ಷದ ಪಟ್ಟಿಗೂ ಸೇರಿತು. ಇದೆಲ್ಲ ಕಿವಿಗೆ ಬಿದ್ದ ಮೇಲೆ ಡೊರೀನ್ ಈಗ ನಿಂಬೆಹಣ್ಣು ಕೊಟ್ಟಾಗ ಬೇಲಿಯ ಮೇಲಿಂದಲೇ ರಸೀದಿ ಕೇಳುತ್ತಾರೆ, ಅಮ್ಮ ಬರೆದುಕೊಡುತ್ತಾಳೆ.

ಒಟ್ಟು ಲೆಕ್ಕ: ನೆವಿಲರ ಶುಲ್ಕ ಎರಡು ಸಾವಿರದ ಎಂಟುನೂರ ಅರವತ್ತು ಡಾಲರ್, ಅದು ಖರ್ಚಿನ ಬಾಬತ್ತು, ಆದ್ದರಿಂದ ಯಾರೂ ಅದನ್ನು ನಷ್ಟ ಎನ್ನುವುದಿಲ್ಲ. ಸಾಸ್ ಮಾರಾಟ, ಎಂಟು ಡಾಲರ್. ಟೊಮೆಟೊದ ಬಡ್ಡಿಯ ಮೇಲೆ ಮೊದಲ ವರ್ಷ ಉಳಿದ ತೆರಿಗೆ, ಹದಿನೇಳು ಡಾಲರ್ ಇಪ್ಪತ್ತೆಂಟು ಸೆಂಟ್. ಮತ್ತು ಮೂರು ಖಾಲಿ ಬಾಟಲಿ, ಮುಚ್ಚಳ ಸಮೇತ.