ನಾಲ್ಕು ಶೀಶೆ, ಒಂದು ಮೂಗು

ಆ ಶನಿವಾರದ ಗೋಳಿಗೆಲ್ಲ ಕಾರಣ ಬೆಳಿಗ್ಗೆ ಆರೂವರೆಗೆ ಬಾಗಿಲಿಗೆ ಬಂದ ಒಂದು ರಟ್ಟಿನ ಪೆಟ್ಟಿಗೆ. ಒಳಗೆ ಹತ್ತಿಯಲ್ಲಿ ಸುತ್ತಿದ ನಾಲ್ಕು ಪುಟ್ಟ ಶೀಶೆಗಳಿದ್ದವು, ಕೆಮ್ಮಿನ ಔಷಧಿಯ ಶೀಶೆಗಿಂತ ತುಸು ದೊಡ್ಡವು. ಮೇಲೆ ಹೆಸರಿಲ್ಲ, ಒಂದರಿಂದ ನಾಲ್ಕರವರೆಗೆ ಅಂಕಿಗಳಷ್ಟೇ. ಜೊತೆಗೊಂದು ಕಾಗದ: "ಈ ತಿಂಗಳ ವಿಷಯ: ಕೆಟ್ಟದ್ದು. ಮೂರರಲ್ಲಿ ಒಳ್ಳೆಯ ವೈನ್ ಇದೆ. ಒಂದರಲ್ಲಿ ಬಿರಡೆ ಹಾಳಾಗಿ ಬೂಷ್ಟಿನ ವಾಸನೆ ಹಿಡಿದ ವೈನ್. ಯಾವುದು? ಸಂಜೆ ಆರಕ್ಕೆ ಎಲ್ಲರೂ ಕಂಪ್ಯೂಟರ್ ಮುಂದೆ ಸೇರೋಣ. ಮೊದಲು ಮಾತಾಡುವವರು ನಮ್ಮ ಮೂಗುದಾರರು."

ಮೂಗುದಾರ ಎಂದರೆ ಇವನೇ. 'ತಿಂಗಳ ಗುಟುಕು' ಎಂಬ ಆ ಗುಂಪಿಗೆ ಸೇರುವಾಗ ಪ್ರತಿಯೊಬ್ಬರೂ ಒಂದು ಅಡ್ಡಹೆಸರು ಇಟ್ಟುಕೊಳ್ಳಬೇಕಿತ್ತು. ಜಮೀನು ಇರುವವನು ಜಮೀನುದಾರನಾದರೆ ಮೂಗು ಇರುವವನು ಮೂಗುದಾರ ಎಂದು ಇವನು ಲೆಕ್ಕ ಹಾಕಿದ್ದ. ಎತ್ತಿಗೆ ಹಾಕುವ ಹಗ್ಗದ ನೆನಪಾಗಿದ್ದು ಆಮೇಲೆ.

ಮೂಗು ಅವನ ಅನ್ನವೂ ಆಗಿತ್ತು. ಡೈರಿಯಿಂದ ಹೊರಡುವ ಪ್ರತಿ ಹಾಲಿನ ಕ್ಯಾನಿನ ಮುಚ್ಚಳ ತೆಗೆದು ಮೂಸುವುದು ಹತ್ತೊಂಬತ್ತು ವರ್ಷಗಳಿಂದ ಅವನ ಕೆಲಸ. ಅವನಿಗೆ ಅನುಮಾನ ಬಂದ ಕ್ಯಾನು ಮಾತ್ರ ಲ್ಯಾಬಿಗೆ ಹೋಗುತ್ತಿತ್ತು, ಉಳಿದದ್ದು ವ್ಯಾನಿಗೆ. ಡೈರಿಯಲ್ಲಿ ಅವನನ್ನು ಯಾರೂ ಒಂದು ದಿನವೂ ಹೊಗಳಿದವರಲ್ಲ. ಗುಂಪಿನಲ್ಲಿ ಹಾಗಲ್ಲ. ತಿಂಗಳಿಗೊಂದು ವಿಷಯ, ಒಂದು ಸಂಜೆ, ಹನ್ನೆರಡು ಮುಖಗಳು. ಇವನು ಗ್ಲಾಸಿಗೆ ಮೂಗಿಟ್ಟು "ಹಸಿ ಪೆನ್ಸಿಲ್, ಆಮೇಲೆ ಒಣಗಿದ ಗುಲಾಬಿ" ಎಂದರೆ ಸಾಕು, ಎಲ್ಲರೂ ಬರೆದುಕೊಳ್ಳುತ್ತಿದ್ದರು.

ಆರು ವಾರಗಳ ಹಿಂದೆ ಬಂದ ಜ್ವರ ಮೂರು ದಿನದಲ್ಲಿ ಹೋಯಿತು. ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ಸೋಪು, ಸೀಮೆಎಣ್ಣೆ, ಬೆವರು, ಯಾವುದೂ ಇಲ್ಲ. ಇಂದು ಬಂದೀತು, ನಾಳೆ ಬಂದೀತು ಎಂದು ಅವನು ಯಾರಿಗೂ ಹೇಳಲಿಲ್ಲ. ಗುಂಪಿನ ಹೋದ ತಿಂಗಳ ಸಂಜೆಯನ್ನು ಏನೋ ನೆಪ ಹೇಳಿ ತಪ್ಪಿಸಿಕೊಂಡ. ಮೂಗನ್ನು ಮುಖದ ಮೇಲೆ ಬರಿದೇ ಹೊತ್ತುಕೊಂಡು ದಿನಾ ಕೆಲಸಕ್ಕೆ ಹೋದ. ಪಕ್ಕದವರು ಮುಖ ಸಿಂಡರಿಸಿದರೆ ಕ್ಯಾನು ಲ್ಯಾಬಿಗೆ, ಇಲ್ಲದಿದ್ದರೆ ವ್ಯಾನಿಗೆ.

ಆ ಬೆಳಿಗ್ಗೆ ಡೈರಿಯಲ್ಲೂ ಅವನ ತಲೆಯಲ್ಲಿ ಇದ್ದದ್ದು ನಾಲ್ಕು ಶೀಶೆ. ಆಸ್ಪತ್ರೆಗೆ ಹೋಗುವ ಕ್ಯಾನುಗಳನ್ನು ಏರಿಸುತ್ತಿದ್ದ ವ್ಯಾನಿನ ಡ್ರೈವರ್ ತಡೆದು ನಿಂತ.

"ಸಾರ್, ಈ ಎರಡು ಕ್ಯಾನು ಇನ್ನೊಂದ್ಸಲ ನೋಡಿ. ಯಾಕೋ ಒಂಥರಾ ಇದೆ."

ಬೇರೆ ದಿನವಾಗಿದ್ದರೆ ಆ ಮುಖ ನೋಡಿಯೇ ಲ್ಯಾಬಿಗೆ ಕಳಿಸುತ್ತಿದ್ದ. ಆದರೆ ಡ್ರೈವರ್ ನಾಲ್ಕು ಜನರ ಎದುರು ಹೇಳಿಬಿಟ್ಟಿದ್ದ. ಮೂಗುದಾರನಿಗೆ ರೇಗಿತು. "ಇಲ್ಲಿ ಮೂಸೋಕೆ ಇಟ್ಟಿರೋದು ನಿನ್ನನ್ನಾ, ನನ್ನನ್ನಾ? ಏರಿಸು."

ಡ್ರೈವರ್ ಏರಿಸಿದ.

ಮಧ್ಯಾಹ್ನ ಹನ್ನೆರಡೂವರೆಗೆ ಮ್ಯಾನೇಜರ್ ಕರೆಸಿದರು. ಆಸ್ಪತ್ರೆಯಲ್ಲಿ ಹಾಲು ಕುಡಿದ ಹದಿನೇಳು ಜನ ವಾಂತಿ ಮಾಡಿಕೊಂಡಿದ್ದರು. ಸದ್ಯ ಯಾರೂ ಸತ್ತಿರಲಿಲ್ಲ.

"ನೀವೇನೂ ಹೆದರ್ಕೋಬೇಡಿ" ಎಂದರು ಮ್ಯಾನೇಜರ್, ಮಗುವನ್ನು ಸಮಾಧಾನ ಮಾಡುವ ದನಿಯಲ್ಲಿ. "ಡ್ರೈವರ್ ವ್ಯಾನನ್ನ ಬಿಸಿಲಲ್ಲಿ ನಿಲ್ಸಿ ಹರಟೆ ಹೊಡೆದಿರ್ಬೇಕು. ಅವನನ್ನ ಇವತ್ತೇ ಕೆಲಸದಿಂದ ತೆಗೆದೆ. ನೀವು ಮನೆಗೆ ಹೋಗಿ ರೆಸ್ಟ್ ತಗೊಳ್ಳಿ."

ಮೂಗುದಾರ "ಸರಿ ಸಾರ್" ಎಂದು ಹೊರಗೆ ಬಂದ.

ಮನೆಗೆ ಬಂದಾಗ ಅವನ ಅಕ್ಕ ಮೇಜಿನ ಮೇಲಿದ್ದ ಶೀಶೆಗಳನ್ನು ಸತ್ತ ಇಲಿಯನ್ನು ನೋಡುವಂತೆ ನೋಡುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ತಮ್ಮನ ಜೊತೆಗಿದ್ದ ಅವಳಿಗೆ ಕುಡಿತಕ್ಕೂ ವೈನಿಗೂ ವ್ಯತ್ಯಾಸ ತಿಳಿಸುವುದು ಎರಡು ವರ್ಷಗಳಿಂದ ಆಗಿರಲಿಲ್ಲ.

"ಹಗಲು ಹೊತ್ತಲ್ಲೇ ಶುರುನಾ?"

"ಅಕ್ಕ, ಇದನ್ನೊಂದ್ಸಲ ಮೂಸಿ ನೋಡ್ತೀಯಾ?"

"ಥೂ! ನನ್ನ ಹೆಣದ ಮುಂದೆ ಇಟ್ಟು ಕೇಳು."

ಬೇರೆ ದಾರಿ ಕಾಣದೆ ಅವನು ನೆರೆಹೊರೆಯ ಮೂಗುಗಳನ್ನು ಹುಡುಕಿ ಹೊರಟ. ಮೇಲಿನ ಮನೆಯ ರಿಟೈರ್ಡ್ ಕಂಪೌಂಡರ್ ಕರೆಯುವ ಮೊದಲೇ ಇಳಿದು ಬಂದಿದ್ದರು. ಎದುರು ಮನೆಯ ದರ್ಜಿಯಾಕೆ ಕೊರಳಲ್ಲಿ ಅಳತೆಪಟ್ಟಿ ನೇತುಹಾಕಿಕೊಂಡೇ ಬಂದಳು.

"ಇದೊಂದು ಆಟ ಅಷ್ಟೇ. ನಿಮಗೆ ಏನನ್ನಿಸುತ್ತೋ ಹೇಳಿ, ನನ್ನದರ ಜೊತೆ ಹೋಲಿಸಿ ನೋಡ್ತೀನಿ" ಎಂದ ಮೂಗುದಾರ.

ಕಂಪೌಂಡರ್ ಒಂದನೆಯದನ್ನು ಮೂಸಿ "ಟಿಂಚರ್" ಎಂದರು. ಎರಡನೆಯದಕ್ಕೂ ಟಿಂಚರ್ ಎಂದರು. ಮೂರನೆಯದಕ್ಕೆ ಕಣ್ಣು ಮುಚ್ಚಿ, "ಇದನ್ನ ಕುಡಿದೇ ಹೇಳ್ಬೇಕು" ಎಂದರು. ದರ್ಜಿಯಾಕೆ ಒಂದು, ಎರಡು, ಮೂರಕ್ಕೆ ತಲೆಯಾಡಿಸಿ, ನಾಲ್ಕಕ್ಕೆ ಬಂದು ಹಿಂದೆ ಸರಿದಳು. "ಅಯ್ಯಪ್ಪಾ, ಇದೇನಣ್ಣ! ಒದ್ದೆ ಬಟ್ಟೆನ ತಿಂಗಳುಗಟ್ಟಲೆ ಟ್ರಂಕಲ್ಲಿ ಮುಚ್ಚಿಟ್ಟ ಹಾಗಿದೆ."

"ಟ್ರಂಕೂ ಇಲ್ಲ, ಮಣ್ಣೂ ಇಲ್ಲ. ಅದು ಕಬ್ಬಿಣದ ಟಾನಿಕ್ಕು" ಎಂದರು ಕಂಪೌಂಡರ್. ಇಬ್ಬರಿಗೂ ಜಟಾಪಟಿ ಹತ್ತಿತು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು.

ಹೊರಗೆ ಡ್ರೈವರ್ ನಿಂತಿದ್ದ. ಸಮವಸ್ತ್ರದ ಅಂಗಿ ಕಳಚಿ ಕೊಟ್ಟು ಬಂದಿದ್ದರಿಂದ ಬನಿಯನ್ನಿನ ಮೇಲೆ ಟವೆಲ್ ಹೊದ್ದಿದ್ದ.

"ಸಾರ್, ಬಿಸಿಲಲ್ಲಿ ನಿಲ್ಸಿದೆ ಅಂತಾರೆ. ನಾನು ಎಲ್ಲೂ ನಿಲ್ಸಿಲ್ಲ. ಹೊರಡೋ ಮುಂಚೆನೇ ಹಾಲು ಸರಿ ಇರ್ಲಿಲ್ಲ ಅಂತ ನಿಮಗೆ ಹೇಳಿದ್ನಲ್ಲ? ಅದೊಂದು ಮಾತು ಮ್ಯಾನೇಜರ್ ಹತ್ರ ಹೇಳಿ ಸಾರ್. ನನ್ನ ಹೆಂಡ್ತಿಗೆ ಇದು ಏಳನೇ ತಿಂಗಳು."

"ನೋಡೋಣ" ಎಂದ ಮೂಗುದಾರ. ಆ ಮಾತು ಅವನ ಕಿವಿಗೇ ಹೇಸಿಗೆ ಅನ್ನಿಸಿತು.

"ನಾನಿಲ್ಲೇ ಕೂತಿರ್ತೀನಿ" ಎಂದು ಡ್ರೈವರ್ ಮೆಟ್ಟಿಲ ಮೇಲೆ ಕೂತ.

ಒಳಗೆ ಕಂಪೌಂಡರ್ ಬಾಯಿ ಒರೆಸಿಕೊಂಡು, ಏನೋ ಅವಸರದ ಕೆಲಸವಿದೆಯೆಂದು ಮೇಲೆ ಹೋಗಿ, ಐದೇ ನಿಮಿಷದಲ್ಲಿ ಇಳಿದು ಬಂದು, ಮೇಜಿನ ಹತ್ತಿರ ಸುಳಿದಾಡಿ ಮತ್ತೆ ಹೋದರು. ಮೂಗುದಾರ ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ.

ಆರಕ್ಕೆ ಕಂಪ್ಯೂಟರಿನಲ್ಲಿ ಹನ್ನೊಂದು ಮುಖಗಳು ಮೂಡಿದವು. ನಡುವೆ ಗುಂಪಿನ ಹಿರಿಯಾಕೆ, ಎಲ್ಲರೂ 'ದ್ರಾಕ್ಷಕ್ಕ' ಎನ್ನುವ ನಿವೃತ್ತ ಲೈಬ್ರರಿಯನ್.

"ಮೂಗುದಾರರೇ, ಎಲ್ಲ ಕಾಯ್ತಾ ಇದೀವಿ."

ಅವನು ಒಂದನ್ನೂ ಎರಡನ್ನೂ ಹೇಗೋ ದಾಟಿಸಿದ. ಮೂರನೆಯದನ್ನು ಗ್ಲಾಸಿಗೆ ಸುರಿದು, ಮೂಗಿಟ್ಟು, ಒಂದು ಗುಟುಕು ಹೀರಿ, ಕಣ್ಣು ಮುಚ್ಚಿದ. ಬಾಯಲ್ಲಿ ಒಗರು ಬಿಟ್ಟು ಏನೂ ತಿಳಿಯಲಿಲ್ಲ. "ಇದರಲ್ಲಿ ಒದ್ದೆ ಎಲೆಗಳಿವೆ" ಎಂದ. "ಹಳೇ ಮರದ ಕಪಾಟು. ತುಂಬಾ ವಯಸ್ಸಾದ, ಯಾರ ಜೊತೆಗೂ ಮಾತು ಬೇಡವಾದ ವೈನ್."

"ಆಹಾ!" ಎಂದರು ಯಾರೋ. ಪೆನ್ನುಗಳು ಓಡಿದವು.

"ಕೆಟ್ಟದ್ದು ಯಾವುದು ಹಾಗಾದ್ರೆ?"

ದರ್ಜಿಯಾಕೆಯ ಟ್ರಂಕು ನೆನಪಾಯಿತು. "ನಾಲ್ಕು."

"ಶಭಾಷ್!" ದ್ರಾಕ್ಷಕ್ಕ ಚಪ್ಪಾಳೆ ತಟ್ಟಿದರು. "ಮೊದಲ ಮಾತಿಗೇ ಹಿಡಿದ್ಬಿಟ್ರಿ. ನೋಡ್ರಪ್ಪಾ, ಇಂಥ ಮೂಗು ಕಾಯೋ ಹಾಲು ಕುಡಿಯೋ ಜನ ಎಷ್ಟು ಪುಣ್ಯವಂತರು!"

ಹನ್ನೊಂದು ಮುಖಗಳು ನಕ್ಕವು. ಮೂಗುದಾರನಿಗೆ ಹದಿನೇಳು ಹಾಸಿಗೆಗಳು ಕಂಡವು, ಪಕ್ಕದಲ್ಲಿ ಹದಿನೇಳು ಬೇಸಿನ್ನುಗಳು.

"ನನಗೆ ವಾಸನೆ ಬರಲ್ಲ" ಎಂದ. "ಆರು ವಾರದಿಂದ ಏನೂ ಬರಲ್ಲ. ನಾಲ್ಕು ಅಂತ ಹೇಳಿದ್ದು ಎದುರು ಮನೆ ದರ್ಜಿ. ನಾನು ಮೂಸಿ ಕಳಿಸಿದ ಹಾಲು ಕುಡಿದು ಇವತ್ತು ಹದಿನೇಳು ಜನ ಮಲಗಿದಾರೆ. ಬೇರೊಬ್ಬನ ಕೆಲಸ ಹೋಗಿದೆ."

ಒಬ್ಬ ನಕ್ಕ, ಇದೂ ಒಂದು ವಿನೋದವೆಂದು. ಮಿಕ್ಕವರು ನಗದಿದ್ದಾಗ ಅವನೂ ನಿಲ್ಲಿಸಿದ. "ಮೂರರ ವಿಷಯ?" ಎಂದು ದ್ರಾಕ್ಷಕ್ಕ ಮೆಲ್ಲಗೆ ಕೇಳಿದರು. ಉತ್ತರ ಬಾಗಿಲ ಸಂದಿನಿಂದ ಬಂತು. ಕದ್ದು ಕೇಳುತ್ತ ನಿಂತಿದ್ದ ಕಂಪೌಂಡರ್ ಆ ಹೊತ್ತಿನ ಸತ್ಯದ ಸೆಳೆತಕ್ಕೆ ಸಿಕ್ಕಿ ತಾವೂ ಕೊಚ್ಚಿ ಹೋಗಿದ್ದರು. "ಕ್ಷಮಿಸ್ಬೇಕಮ್ಮಾ. ಮೂರನ್ನ ನಾನು ಕುಡಿದ್ಬಿಟ್ಟೆ. ಅದರಲ್ಲಿರೋದು ನಮ್ಮನೆ ಹಾಲಿಲ್ಲದ ತಣ್ಣಗಾದ ಟೀ!"

ಬರೆದುಕೊಂಡವರೆಲ್ಲ ತಲೆ ತಗ್ಗಿಸಿ ಹೊಡೆದು ಹಾಕತೊಡಗಿದರು. ಮುಖಗಳು ಒಂದೊಂದಾಗಿ ಆರಿಹೋದವು. ಕೊನೆಗೆ ಉಳಿದ ದ್ರಾಕ್ಷಕ್ಕನೂ ಹೋದರು.

ಹಿಂದೆ ಅಕ್ಕ ನಿಂತಿದ್ದಳು. ಬೈಯುತ್ತಾಳೆ ಎಂದುಕೊಂಡ. ಅವಳು ಅವನ ಫೋನನ್ನು ಎತ್ತಿ ಅವನ ಕೈಗೆ ಕೊಟ್ಟಳು.

"ಅವರಿಗೆಲ್ಲ ಹೇಳಿ ಏನು ಬಂತು? ಹೇಳ್ಬೇಕಾದವರಿಗೆ ಹೇಳು. ಹೊರಗೆ ಒಬ್ಬ ಕೂತಿದಾನೆ. ಕೆಲಸ ಹೋದ್ರೆ ಹೋಗ್ಲಿ, ಇಬ್ರೂ ಹೇಗೋ ಬದುಕೋಣ."

ಎರಡು ವರ್ಷದಲ್ಲಿ ಅಕ್ಕ ಇಷ್ಟು ಮೆತ್ತಗೆ ಮಾತಾಡಿದ್ದು ಅವನಿಗೆ ನೆನಪಿರಲಿಲ್ಲ. ಮ್ಯಾನೇಜರ್ ನಂಬರ್ ಒತ್ತಿದ.

"ಸಾರ್, ನನಗೆ ವಾಸನೆ ಬರಲ್ಲ. ಆರು ವಾರ ಆಯ್ತು. ಡ್ರೈವರ್‌ದು ಏನೂ ತಪ್ಪಿಲ್ಲ. ತಪ್ಪೆಲ್ಲ ನಂದು."

ಆ ಕಡೆ ಟಿವಿಯ ಸದ್ದು ಸಣ್ಣದಾಯಿತು.

"ಗೊತ್ತು" ಎಂದರು ಮ್ಯಾನೇಜರ್.

"ಏನು ಗೊತ್ತು ಸಾರ್?"

"ವಾಸನೆ ಬರಲ್ಲ ಅಂತ. ಹೋದ ತಿಂಗಳು ನಿಮ್ಮ ಕಾಲ ಹತ್ರಾನೇ ಫಿನಾಯಿಲ್ ಡಬ್ಬ ಉರುಳಿ ಬಿತ್ತು. ಎಲ್ರೂ ಮೂಗು ಮುಚ್ಕೊಂಡು ಓಡಿದ್ರು. ನೀವು ನಿಂತ್ಕೊಂಡು ಆರಾಮಾಗಿ ಬನ್ ತಿಂತಿದ್ರಿ."

"ಮತ್ತೆ ಯಾಕೆ ಸಾರ್ ಸುಮ್ನಿದ್ರಿ?"

"ಹಾಲು ತಂಪು ಮಾಡೋ ಮಿಷನ್ ಕೆಟ್ಟು ಐದು ವಾರ ಆಯ್ತು. ಹೊಸದು ಬರೋಕೆ ಇನ್ನೂ ಮೂರು ತಿಂಗಳು ಬೇಕು. ನೆಟ್ಟಗಿರೋ ಮೂಗು ಅಲ್ಲಿ ಕೂತಿದ್ರೆ ದಿನಾ ಅರ್ಧ ಹಾಲು ಮೋರಿಗೆ ಸುರೀಬೇಕಾಗ್ತಿತ್ತು. ನಿಮ್ಮಂಥವರು ಎಲ್ಲಿ ಸಿಗ್ತಾರೆ ಹೇಳಿ? ಹತ್ತೊಂಬತ್ತು ವರ್ಷದ ಹೆಸರಿದೆ, ವಾಸನೆ ಮಾತ್ರ ಇಲ್ಲ."

"ಡ್ರೈವರ್..."

"ಅವನಿಗೆ ವಾಸನೆ ಬರುತ್ತೆ. ಅದೇ ಅವನ ತೊಂದರೆ."

"ನಾನು ಎಲ್ಲರಿಗೂ ಹೇಳ್ತೀನಿ ಸಾರ್."

"ಧಾರಾಳವಾಗಿ ಹೇಳಿ" ಎಂದರು ಮ್ಯಾನೇಜರ್, ಸ್ವಲ್ಪವೂ ದನಿ ಏರಿಸದೆ. "ಆರು ವಾರದ ರಿಜಿಸ್ಟರಲ್ಲಿ ವ್ಯಾನಿಗೆ ಹೋದ ಪ್ರತಿ ಕ್ಯಾನಿನ ಮುಂದೆ 'ಉತ್ತಮ' ಅಂತ ಬರೆದು ಸಹಿ ಹಾಕಿರೋರು ನೀವು. ನಾನು ಪಾಪ, ನಿಮ್ಮ ಮೂಗು ನಂಬಿದೋನು. ಸೋಮವಾರ ಸ್ವಲ್ಪ ಬೇಗ ಬನ್ನಿ. ಶಾಲೆಗಳಿಗೆ ಹೋಗೋ ಹಾಲು ಜಾಸ್ತಿ ಇದೆ."

ಫೋನ್ ಕಟ್ಟಾಯಿತು. ಮೆಟ್ಟಿಲ ಮೇಲೆ ಡ್ರೈವರ್ ಎದ್ದು ನಿಂತ ಸಪ್ಪಳ ಕೇಳಿಸಿತು. ಅಕ್ಕ ಹತ್ತಿರ ಬಂದು ತಮ್ಮನ ಭುಜದ ಮೇಲೆ ಕೈಯಿಟ್ಟಳು.

"ಏನಂದ್ರು? ಕೆಲಸ ಹೋಯ್ತಾ?"

"ಇಲ್ಲಕ್ಕ" ಎಂದ ಅವನು. "ಬಿಡ್ತಾ ಇಲ್ಲ."